ತೆರೆಯ ಮೇಲೆ ಬದಲಾದ ಹೆಸರುಗಳು

ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಹೊಟ್ಟೆಪಾಡಿಗೆಂದು ಬೆಂಗಳೂರು, ಮುಂಬಯಿ ಸೇರಿದವರು ಆ ದಿನಗಳಲ್ಲಿ ಊರಿನ ಬಸ್ಸು ಹತ್ತುತ್ತಾರೆ. ಉಳಿದ ದಿನಗಳಲ್ಲಿ ಗುಡಿಯ ಕಡೆ ತಲೆ ಹಾಕದವರೂ ಜಾತ್ರೆಯ ಬೀದಿಯಲ್ಲಿ ಒಂದು ಸುತ್ತು ಹಾಕದೆ ಇರುವುದಿಲ್ಲ. ದೇವಿಯ ದರ್ಶನದಷ್ಟೇ ಊರವರ ಮುಖದರ್ಶನವೂ ಜಾತ್ರೆಯ ಫಲ. ಯಾರು ಬದುಕಿದ್ದಾರೆ, ಯಾರು ಇಲ್ಲ, ಯಾರ ಮಗಳು ಎಲ್ಲಿದ್ದಾಳೆ ಎಂಬ ಸುದ್ದಿಯೆಲ್ಲ ಅಲ್ಲಿ ಸಿಗುತ್ತದೆ.

ಇಂಥ ಜಾತ್ರೆಯೊಂದನ್ನು ದೇವರಿಲ್ಲದೆ, ತೇರಿಲ್ಲದೆ, ಸಿನಿಮಾ ಮಂದಿರದ ಕತ್ತಲೆಯಲ್ಲಿ ನಡೆಸಲು ಸಾಧ್ಯವೆ? ಸಾಧ್ಯವೆಂದು ತೋರಿಸಿದವರು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರದ ಯಹೂದಿಗಳು. 1980ರಲ್ಲಿ ಡೆಬೊರಾ ಕೌಫ್‌ಮನ್ ಎಂಬಾಕೆ ಅಲ್ಲಿ ಹುಟ್ಟುಹಾಕಿದ ಯಹೂದಿ ಚಲನಚಿತ್ರೋತ್ಸವ ಜಗತ್ತಿನಲ್ಲಿಯೇ ಈ ಬಗೆಯ ಮೊದಲನೆಯದು. ಹಾಲಿವುಡ್ ಮತ್ತು ಟೆಲಿವಿಷನ್ ತೋರಿಸುವ ಸವಕಲು ಯಹೂದಿಯನ್ನು ಬಿಟ್ಟು ನಿಜವಾದ ಯಹೂದಿಗಳನ್ನು ತೋರಿಸುವ ಸ್ವತಂತ್ರ ಚಿತ್ರಗಳನ್ನು ಒಂದೆಡೆ ತರಬೇಕೆಂಬುದು ಆಕೆಯ ಆಸೆ. ಸಿನಗಾಗ್ ಎಂಬ ತಮ್ಮ ಪ್ರಾರ್ಥನಾ ಮಂದಿರಕ್ಕೆ ಎಂದೂ ಹೋಗದವರು ಕೂಡ ಈ ಉತ್ಸವಕ್ಕೆ ಬಂದರು. 1989ರಲ್ಲಿ ಬಾಸ್ಟನ್, 1992ರಲ್ಲಿ ನ್ಯೂಯಾರ್ಕ್, 1993ರಲ್ಲಿ ಟೊರಾಂಟೊ, 1997ರಲ್ಲಿ ಇಂಗ್ಲೆಂಡಿನ ಬ್ರೈಟನ್, 2000ದಲ್ಲಿ ಅಟ್ಲಾಂಟ ಹೀಗೆ ಊರಿಂದೂರಿಗೆ ಹಬ್ಬಿತು. ಇಂದು ಜಗತ್ತಿನಲ್ಲಿ ಇಂಥ ಉತ್ಸವಗಳ ಸಂಖ್ಯೆ ನೂರನ್ನು ಮೀರುತ್ತದೆಂದು ಅಂದಾಜು.

ಎಲ್ಲಿಯ ಸ್ಯಾನ್‌ಫ್ರಾನ್ಸಿಸ್ಕೊ, ಎಲ್ಲಿಯ ತುಂಗಾ ತೀರ, ಇದರ ಗೊಡವೆ ನಮಗೇಕೆ ಎಂದು ಕೇಳಬಹುದು. ಕರ್ನಾಟಕದಲ್ಲಿ ಯಹೂದಿಗಳು ಎಂದೂ ಹೆಚ್ಚಿನ ಸಂಖ್ಯೆಯಲ್ಲಿ ಇರಲಿಲ್ಲ ಎಂಬುದೂ ನಿಜ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಷಿಯದ ಯಹೂದಿ ವರ್ತಕ ಸುಮಾರು ಹದಿನೇಳು ವರ್ಷ ಮಂಗಳೂರಿನಲ್ಲಿದ್ದ. ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಆಕೆಯೊಡನೆ ಸಂಸಾರ ಹೂಡಿದ. ಅವನ ಕಾಗದಪತ್ರಗಳು ಕೈರೋದ ಸಿನಗಾಗ್ ಒಂದರಲ್ಲಿ ಉಳಿದು ಬಂದದ್ದರಿಂದ ಇದು ನಮಗೆ ತಿಳಿದಿದೆ. ಬೆಂಗಳೂರಿನ ಮೈಸೂರು ರಸ್ತೆಯ ಬಳಿ 1904ರಲ್ಲಿ ಆರಂಭವಾದ ಪುಟ್ಟ ಯಹೂದಿ ಸ್ಮಶಾನವಿದೆ. ಅಲ್ಲಿನ ಸಮಾಧಿಗಳನ್ನು ಒಂದು ಗಳಿಗೆಯಲ್ಲಿ ಎಣಿಸಿ ಮುಗಿಸಬಹುದು. ಇಷ್ಟು ಚಿಕ್ಕ ಸಮುದಾಯದ ಸಿನಿಮಾ ಹಬ್ಬದಲ್ಲಿ ನಮಗೇನು ಕೆಲಸ?

ಕೆಲಸವಿದೆ. ಏಕೆಂದರೆ ಈ ಸಮುದಾಯದವರನ್ನು ನಾವು ನೋಡಿದ್ದೇವೆ, ಕೇಳಿದ್ದೇವೆ. ಅವರೆಂದು ಗೊತ್ತಿರಲಿಲ್ಲ ಅಷ್ಟೆ. ಭದ್ರಾವತಿಗೆ ಆಕಾಶವಾಣಿ ಬಂದದ್ದು 1965ರಲ್ಲಿ. ಅಂದಿನಿಂದ ಕಾಗದದ ಕಾರ್ಖಾನೆಯ, ಕಬ್ಬಿಣದ ಕಾರ್ಖಾನೆಯ ಕಾರ್ಮಿಕರ ಮನೆಗಳಲ್ಲಿ, ಮಲೆನಾಡಿನ ಒಂಟಿ ಮನೆಗಳಲ್ಲಿ ಮುಂಜಾನೆಯ ಮೊದಲ ಸದ್ದೆಂದರೆ ತಂಬೂರಿಯ ಶ್ರುತಿಯ ಮೇಲೆ ಪಿಟೀಲು ನುಡಿಸುವ ಆ ಆರಂಭದ ರಾಗ. ಅದನ್ನು ರಚಿಸಿದವನು ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ. (ಮೇಲೆ ಹೇಳಿದ ಡೆಬೊರಾ ಕೌಫ್‌ಮನ್‌ಗೂ ಈತನಿಗೂ ಹೆಸರಿನ ಹೋಲಿಕೆ ಮಾತ್ರ.) ಹಿಟ್ಲರನ ಕಾಲದಲ್ಲಿ ಯುರೋಪು ಬಿಟ್ಟು 1934ರಲ್ಲಿ ಮುಂಬಯಿಗೆ ಬಂದು ಇಳಿದವನು. ಅವನ ಕಥೆಗೆ ಮುಂದೆ ಬರೋಣ. ಮೊದಲು ಹೆಸರುಗಳ ವಿಷಯ. ಯಹೂದಿ ಸಿನಿಮಾ ಎಂಬುದರ ಕೀಲಿ ಇರುವುದೇ ಅಲ್ಲಿ.

ಹೆಸರು ಬಿಟ್ಟವರು

ಹಾಲಿವುಡ್ ಎಂಬ ಮಹಾನಗರಿಯನ್ನು ಕಟ್ಟಿದವರಲ್ಲಿ ದೊಡ್ಡ ಪಾಲು ಪೂರ್ವ ಮತ್ತು ಮಧ್ಯ ಯುರೋಪಿನಿಂದ ಬಂದ ಯಹೂದಿ ವಲಸಿಗರದು. ಪ್ಯಾರಾಮೌಂಟಿನ ಅಡಾಲ್ಫ್ ಜುಕರ್ ಹಂಗೇರಿಯವನು, ಯೂನಿವರ್ಸಲ್‌ನ ಕಾರ್ಲ್ ಲೆಮ್ಲಿ ಜರ್ಮನಿಯವನು. ಎಂ.ಜಿ.ಎಂ.ನ ಲೂಯಿ ಮೇಯರ್, ವಾರ್ನರ್ ಸಹೋದರರು, ವಿಲಿಯಂ ಫಾಕ್ಸ್ ಎಲ್ಲರದೂ ಇದೇ ಹಿನ್ನೆಲೆ. ಆದರೆ ತಾವು ಕಟ್ಟಿದ ತೆರೆಯ ಮೇಲೆ ತಮ್ಮವರನ್ನು ತೋರಿಸಲು ಇವರಿಗೆ ಧೈರ್ಯವಿರಲಿಲ್ಲ. ಅಮೆರಿಕದ ಪ್ರೇಕ್ಷಕ ಒಪ್ಪುವ ಮುಖ, ಒಪ್ಪುವ ಹೆಸರು ಬೇಕು ಎಂಬುದು ಅವರ ವ್ಯಾಪಾರಿ ಲೆಕ್ಕ. ಇಸ್ಸುರ್ ಡ್ಯಾನಿಯೆಲೊವಿಚ್ ಹೋಗಿ ಕರ್ಕ್ ಡಗ್ಲಸ್ ಬಂದ. ಬರ್ನಾರ್ಡ್ ಶ್ವಾರ್ಟ್ಜ್ ಹೋಗಿ ಟೋನಿ ಕರ್ಟಿಸ್ ಬಂದ. ಗೂಂಡಾ ಪಾತ್ರಗಳಿಂದ ಹೆಸರಾದ ಎಡ್ವರ್ಡ್ ಜಿ. ರಾಬಿನ್ಸನ್‌ನ ಹುಟ್ಟುಹೆಸರು ಇಮ್ಯಾನುಯೆಲ್ ಗೋಲ್ಡನ್‌ಬರ್ಗ್. ಆ ‘ಜಿ’ ಒಂದೇ ಅದರಲ್ಲಿ ಉಳಿದ ಕುರುಹು.

ಸ್ವಾರಸ್ಯವೆಂದರೆ ಮಾತು ಬಂದ ಮೊದಲ ಕಥಾಚಿತ್ರವೆಂದು ಖ್ಯಾತವಾದ ‘ದಿ ಜಾಜ್ ಸಿಂಗರ್’ (1927) ಹೆಸರು ಬದಲಾಯಿಸುವವನ ಕಥೆಯೇ. ಸಿನಗಾಗಿನಲ್ಲಿ ಪ್ರಾರ್ಥನೆ ಹಾಡುವ ತಂದೆಯ ಮಗ ಜೇಕಿ ರಾಬಿನೋವಿಟ್ಜ್ ಮನೆ ಬಿಟ್ಟು ಜಾಕ್ ರಾಬಿನ್ ಆಗಿ ರಂಗಮಂದಿರಗಳಲ್ಲಿ ಹಾಡುತ್ತಾನೆ. ಅಪ್ಪನ ಹಾಡೋ ತನ್ನ ಹಾಡೋ ಎಂಬ ಸಂಕಟ ಅವನದು. ವಾರ್ನರ್ ಸಹೋದರರು ಈ ಒಂದು ಚಿತ್ರದಲ್ಲಿ ತಮ್ಮ ಮನೆಯ ಮಾತನ್ನು ಆಡಿದರು.

ನಮ್ಮ ದೇಶದ ಮೊದಲ ವಾಕ್ಚಿತ್ರ ‘ಆಲಂ ಆರಾ’ (1931) ಬಂದದ್ದೂ ಒಬ್ಬ ಯಹೂದಿಯ ಲೇಖನಿಯಿಂದ. ಜೋಸೆಫ್ ಡೇವಿಡ್ ಪೆಣ್‌ಕರ್ ಪಾರ್ಸಿ ರಂಗಭೂಮಿಗೆ ಬರೆದ ನಾಟಕವನ್ನೇ ಅರ್ದೇಶಿರ್ ಇರಾನಿ ಚಿತ್ರ ಮಾಡಿದರು. ಪೆಣ್‌ಕರ್ ಎಂದರೆ ಪೆಣ್ ಊರಿನವನು. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳ ಅಡ್ಡಹೆಸರುಗಳೆಲ್ಲ ಹೀಗೆಯೇ ಊರಿನಿಂದ ಬಂದವು. ಚೌಲ್ ಊರಿನವರು ಚೇವುಲಕರ್, ನಾಗಾಂವದವರು ನಾಗಾವ್ಕರ್. ಎಣ್ಣೆ ಗಾಣ ಅವರ ಹಳೆಯ ಕಸುಬು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಜನ ಅವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು ಎಂದು ಕರೆದರು. ಮರಾಠಿ ಆಡುತ್ತ, ಸೀರೆ ಉಡುತ್ತ, ಸುತ್ತಲಿನವರಲ್ಲಿ ಒಂದಾಗಿ ಬದುಕಿದವರು ಇವರು. ಇವರಿಗಿಂತ ಬೇರೆಯಾದವರು ಬಾಗ್ದಾದಿ ಯಹೂದಿಗಳು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಇರಾಕ್ ಕಡೆಯಿಂದ ವ್ಯಾಪಾರಕ್ಕೆ ಬಂದು ಸೂರತ್, ಮುಂಬಯಿ, ಪುಣೆ, ಕಲ್ಕತ್ತೆಗಳಲ್ಲಿ ನೆಲೆಸಿದರು. ಮೂಕಿಚಿತ್ರದ ನಾಯಕಿಯರು ಬಂದದ್ದು ಈ ಎರಡನೆಯ ಗುಂಪಿನಿಂದ.

ಏಕೆ ಎಂಬುದಕ್ಕೆ ಉತ್ತರ ಕಷ್ಟವಲ್ಲ. ಮರ್ಯಾದಸ್ಥ ಮನೆಯ ಹೆಣ್ಣು ಮಗಳು ಕ್ಯಾಮೆರಾ ಮುಂದೆ ನಿಲ್ಲುವುದು ಹಿಂದೂಗಳಲ್ಲಿಯೂ ಮುಸ್ಲಿಮರಲ್ಲಿಯೂ ಊಹಿಸಲಾಗದ ಮಾತಾಗಿತ್ತು. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ದಲ್ಲಿ (1913) ತಾರಾಮತಿಯಾದವನು ಅಣ್ಣಾ ಸಾಳುಂಕೆ ಎಂಬ ಗಂಡಸು. ನಮ್ಮ ಕಂಪನಿ ನಾಟಕಗಳಲ್ಲಿಯೂ ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ ಕಾಲ ಅದು. ಬಾಗ್ದಾದಿ ಮತ್ತು ಆಂಗ್ಲೋ ಇಂಡಿಯನ್ ಹುಡುಗಿಯರಿಗೆ ಈ ಕಟ್ಟು ಅಷ್ಟು ಬಿಗಿಯಾಗಿರಲಿಲ್ಲ. ಮಾತಿಲ್ಲದ ಚಿತ್ರವಾದ್ದರಿಂದ ಭಾಷೆ ಬಾರದಿದ್ದರೂ ನಡೆಯುತ್ತಿತ್ತು. ಬಿಳಿಯ ಬಣ್ಣ ಕ್ಯಾಮೆರಾಕ್ಕೆ ಒಪ್ಪುತ್ತಿತ್ತು ಎಂಬ ಮಾತನ್ನೂ ಸೇರಿಸಬೇಕು. ಅದು ನಮ್ಮ ಸಿನಿಮಾದ ಹಳೆಯ ರೋಗ.

ಸುಲೋಚನಾ ಎಂಬ ರೂಬಿ

ಪುಣೆಯಲ್ಲಿ 1907ರಲ್ಲಿ ಹುಟ್ಟಿದ ರೂಬಿ ಮೈಯರ್ಸ್ ಟೆಲಿಫೋನ್ ಆಪರೇಟರ್ ಆಗಿದ್ದಳು. ಕೊಹಿನೂರ್ ಕಂಪನಿಯ ನಿರ್ದೇಶಕ ಮೋಹನ್ ಭವನಾನಿ ಆಕೆಯನ್ನು ಸಿನಿಮಾಕ್ಕೆ ಕರೆದ. ಮೊದಲು ಒಲ್ಲೆನೆಂದ ಹುಡುಗಿ ಕಡೆಗೆ ಒಪ್ಪಿದಳು. ‘ವೀರ ಬಾಲಾ’ (1925) ಬಂತು. ಸುಲೋಚನಾ ಎಂಬ ಹೆಸರೂ ಬಂತು. ‘ಟೈಪಿಸ್ಟ್ ಗರ್ಲ್’ (1926), ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ (1927) ಹೀಗೆ ಒಂದರ ಹಿಂದೆ ಒಂದು. ಎರಡನೆಯದರಲ್ಲಿ ಆಕೆಯದು ಎಂಟು ವೇಷ. ತಿಂಗಳ ಸಂಬಳ 5,000 ರೂಪಾಯಿ, ಮುಂಬಯಿ ಗವರ್ನರರಿಗಿಂತ ಹೆಚ್ಚು ಎಂದು ಜನ ಬೆರಗಿನಿಂದ ಹೇಳಿಕೊಳ್ಳುತ್ತಿದ್ದರು. ಗವರ್ನರರ ಸಂಬಳ ಹೇಳಿಕೊಳ್ಳುವವರಿಗೆ ನಿಜಕ್ಕೂ ಗೊತ್ತಿತ್ತೇ ಎಂಬುದು ಬೇರೆ ಮಾತು.

ಮಾತಿನ ಚಿತ್ರ ಬಂದಾಗ ಈ ರಾಣಿಯ ಸಿಂಹಾಸನ ಅಲುಗಿತು. ಹಿಂದೂಸ್ತಾನಿ ನಾಲಿಗೆಗೆ ಹೊರಳದು. ಆಕೆ ಸೋಲೊಪ್ಪಲಿಲ್ಲ. ಭಾಷೆ ಕಲಿತು ತನ್ನ ಹಳೆಯ ಮೂಕಿಚಿತ್ರಗಳನ್ನೇ ಮತ್ತೆ ಮಾತಿನಲ್ಲಿ ಮಾಡಿ ಗೆದ್ದಳು. ‘ಮಾಧುರಿ’ 1932ರಲ್ಲಿ, ‘ಇಂದಿರಾ ಎಂ.ಎ.’ 1934ರಲ್ಲಿ ಹೀಗೆ ಬಂದವು. ‘ಅನಾರ್ಕಲಿ’ಯ ಕಥೆ ಇನ್ನೂ ಚೆಂದ. 1928ರ ಮೂಕಿಯಲ್ಲಿ ಆಕೆ ಅನಾರ್ಕಲಿ, 1935ರ ಮಾತಿನ ಚಿತ್ರದಲ್ಲಿಯೂ ಅನಾರ್ಕಲಿ, 1953ರ ಚಿತ್ರದಲ್ಲಿ ಸಲೀಮನ ತಾಯಿ. ಒಂದೇ ಕಥೆಯಲ್ಲಿ ಪ್ರೇಯಸಿಯಿಂದ ತಾಯಿಯವರೆಗೆ ನಡೆದು ಬಂದ ಮತ್ತೊಬ್ಬ ನಟಿ ಸಿಕ್ಕುವುದು ಅಪರೂಪ. 1973ರ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಆಕೆಗೆ ಸಂದಿತು. 1983ರಲ್ಲಿ ಮುಂಬಯಿಯಲ್ಲಿ ತೀರಿಕೊಂಡಳು. ಅಂದ ಹಾಗೆ, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಎಂಬುದಕ್ಕೂ ಈಕೆಗೂ ಸಂಬಂಧವಿಲ್ಲ. ಅಲ್ಲಿಯ ಸುಲೋಚನೆ ಇಂದ್ರಜಿತುವಿನ ಹೆಂಡತಿ, ಆ ಪಾತ್ರ ಮಾಡಿದವರು ತ್ರಿಪುರಾಂಬ.

ಸಂಬಂಧ ಬೇರೆಡೆ ಇದೆ. ರೂಬಿಯನ್ನು ತಾರೆಯಾಗಿಸಿದ ಅದೇ ಭವನಾನಿ 1930ರ ಆಸುಪಾಸಿನಲ್ಲಿ ಶೂದ್ರಕನ ಮೃಚ್ಛಕಟಿಕವನ್ನು ಆಧರಿಸಿ ‘ವಸಂತಸೇನಾ’ ಎಂಬ ಮೂಕಿಚಿತ್ರ ಮಾಡಿದ. ಅದರಲ್ಲಿ ನಮ್ಮ ಟಿ.ಪಿ. ಕೈಲಾಸಂ ಇದ್ದರು, ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಇದ್ದರು. ಪ್ರತಿಷ್ಠಿತ ಮನೆತನದ ಹೆಣ್ಣುಮಗಳೊಬ್ಬಳು ತನ್ನ ಸ್ವಂತ ಹೆಸರಿನಲ್ಲಿಯೇ ತೆರೆಯ ಮೇಲೆ ಬಂದದ್ದು ಅಂದಿಗೆ ದೊಡ್ಡ ಸಂಗತಿ. ಆ ಬಾಗಿಲನ್ನು ಅದಕ್ಕೆ ಮೊದಲೇ ಅರೆತೆರೆದವರು ಹೆಸರು ಬದಲಾಯಿಸಿಕೊಂಡ ರೂಬಿಯಂಥವರು.

ಕಲ್ಕತ್ತೆಯ ಎಸ್ತರ್ ವಿಕ್ಟೋರಿಯಾ ಅಬ್ರಹಾಂ ಪ್ರಮೀಳಾ ಆದಳು. 1947ರಲ್ಲಿ ಮೊದಲ ಮಿಸ್ ಇಂಡಿಯಾ ಎನಿಸಿಕೊಂಡಳು. ‘ಸಿಲ್ವರ್ ಫಿಲ್ಮ್ಸ್’ ಎಂಬ ಸ್ವಂತ ಕಂಪನಿ ಕಟ್ಟಿ ಚಿತ್ರಗಳನ್ನು ನಿರ್ಮಿಸಿದಳು. ಹೆಣ್ಣು ನಿರ್ಮಾಪಕಿ ಎಂದರೆ ಇಂದಿಗೂ ಬೆರಳೆಣಿಕೆ, ಅಂದಿನ ಮಾತು ಹೇಳುವುದೇ ಬೇಡ. ಫ್ಲಾರೆನ್ಸ್ ಎಜೆಕಿಯೆಲ್ ನಾದಿರಾ ಆದಳು. ಮೆಹಬೂಬ್ ಖಾನರ ‘ಆನ್’ (1952) ಚಿತ್ರದ ಸೊಕ್ಕಿನ ರಜಪೂತ ರಾಜಕುಮಾರಿ, ‘ಶ್ರೀ 420’ (1955) ಚಿತ್ರದಲ್ಲಿ ಸಿಗರೇಟು ಹಿಡಿದು ರಾಜ್ ಕಪೂರ್‌ನನ್ನು ದಾರಿ ತಪ್ಪಿಸುವ ಮಾಯಾ ಯಾರೆಂದು ನೆನಪಿಸಿಕೊಂಡರೆ ಸಾಕು. ‘ಜೂಲಿ’ಯಲ್ಲಿ (1975) ಆಂಗ್ಲೋ ಇಂಡಿಯನ್ ತಾಯಿಯ ಪಾತ್ರಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಪಡೆದಳು. ಪ್ರಮೀಳಾ, ನಾದಿರಾ ಇಬ್ಬರೂ ಕಣ್ಣು ಮುಚ್ಚಿದ್ದು 2006ರಲ್ಲಿ.

ಗಂಡಸರಲ್ಲಿ ಡೇವಿಡ್ ಇದ್ದರು. ಪೂರ್ತಿ ಹೆಸರು ಡೇವಿಡ್ ಅಬ್ರಹಾಂ ಚೇವುಲಕರ್. ಬೆನೆ ಇಸ್ರೇಲ್ ಯಹೂದಿ. ತೆರೆಯ ಮೇಲೆ ಬರೀ ‘ಡೇವಿಡ್’. ಬೋಳುತಲೆಯ, ಕುಳ್ಳಗಿನ, ನಗುಮುಖದ ಈ ಮನುಷ್ಯನನ್ನು ನೋಡದ ಹಿಂದಿ ಚಿತ್ರಪ್ರೇಮಿ ಇಲ್ಲ. ‘ಬೂಟ್ ಪಾಲಿಶ್’ನಲ್ಲಿ (1954) ಭಿಕ್ಷೆ ಬೇಡುವ ಮಕ್ಕಳಿಗೆ ದುಡಿದು ತಿನ್ನುವುದನ್ನು ಕಲಿಸುವ ಕುಂಟ ಜಾನ್ ಚಾಚಾ ಅವರು. ಡೇವಿಡ್ ಎಂಬ ಹೆಸರು ಕೇಳಿ ನಮ್ಮಲ್ಲಿ ಬಹುಮಂದಿ ಅವರನ್ನು ಕ್ರಿಶ್ಚಿಯನ್ ಎಂದೇ ಎಣಿಸಿದರು. ಹೆಸರು ಬದಲಾಯಿಸದಿದ್ದರೂ ಗುರುತು ಮರೆಯಾಗಬಹುದು ಎಂಬುದಕ್ಕೆ ಇದು ಉದಾಹರಣೆ.

ಇನ್ನೊಂದು ವಿಪರೀತ ನೋಡಿ. ಬಿಮಲ್ ರಾಯ್ 1958ರಲ್ಲಿ ‘ಯಹೂದಿ’ ಎಂಬ ಹೆಸರಿನಲ್ಲಿಯೇ ಚಿತ್ರ ಮಾಡಿದರು. ಕಥೆ ಆಗಾ ಹಶ್ರ್ ಕಾಶ್ಮೀರಿಯವರ ಪ್ರಸಿದ್ಧ ನಾಟಕದ್ದು, ರೋಮನ್ನರ ಆಳ್ವಿಕೆಯಲ್ಲಿ ಯಹೂದಿಗಳ ಪಾಡು ಅದರ ವಸ್ತು. ಯಹೂದಿ ತಂದೆಯಾಗಿ ಪಾರ್ಸಿ ಸೊಹ್ರಾಬ್ ಮೋದಿ, ಮಗಳಾಗಿ ಮೀನಾ ಕುಮಾರಿ, ರೋಮನ್ ರಾಜಕುಮಾರನಾಗಿ ದಿಲೀಪ್ ಕುಮಾರ್. ಯಹೂದಿ ನಟಿಯರು ರಜಪೂತರಾಗಿ, ಮೊಗಲರಾಗಿ ಅಭಿನಯಿಸುತ್ತಿದ್ದ ಅದೇ ಮುಂಬಯಿಯಲ್ಲಿ ಯಹೂದಿ ಪಾತ್ರಗಳು ಬೇರೆಯವರ ಪಾಲಾದವು. ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಿಲ್ಲ. ನಮ್ಮ ಚಿತ್ರರಂಗ ಅಂದು ಯಾರ ಜಾತಿಯನ್ನೂ ಕೇಳದೆ ಪಾತ್ರ ಹಂಚಿತ್ತು ಎಂದು ಸಂತೋಷವನ್ನೂ ಪಡಬಹುದು. ಆದರೆ ಎಲ್ಲರ ವೇಷವನ್ನೂ ಹಾಕಿದ ಒಂದು ಸಮುದಾಯ ತನ್ನ ವೇಷದಲ್ಲಿ ಮಾತ್ರ ಕಾಣಿಸಲಿಲ್ಲ ಎಂಬುದೂ ಅಷ್ಟೇ ನಿಜ.

ಪಿಟೀಲು ಮತ್ತು ವಾರ್ತಾಚಿತ್ರ

ಈಗ ವಾಲ್ಟರ್ ಕೌಫ್‌ಮನ್‌ನ ಕಥೆಗೆ ಬರೋಣ. ಇಂದಿನ ಚೆಕ್ ದೇಶದ ಕಾರ್ಲ್ಸ್‌ಬಾಡ್‌ನಲ್ಲಿ 1907ರಲ್ಲಿ, ಅಂದರೆ ರೂಬಿ ಹುಟ್ಟಿದ ವರ್ಷವೇ, ಹುಟ್ಟಿದ ಆತ ಬರ್ಲಿನ್‌ನಲ್ಲಿ ಸಂಗೀತ ಕಲಿತವನು. ಭಾರತಕ್ಕೇ ಏಕೆ ಬಂದ ಎಂದರೆ ಇಲ್ಲಿ ಅವನಿಗೊಬ್ಬ ಗೆಳೆಯನಿದ್ದ. ಆ ಗೆಳೆಯ ಬೇರಾರೂ ಅಲ್ಲ, ಅದೇ ಮೋಹನ್ ಭವನಾನಿ. ಭವನಾನಿಯ ಚಿತ್ರಗಳಿಗೆ ಕೌಫ್‌ಮನ್ ಸಂಗೀತ ನೀಡಿದ. ಮುಂಬಯಿ ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತದ ಮುಖ್ಯಸ್ಥನಾದ. ಭಾರತೀಯ ಸಂಗೀತದ ಗ್ರಾಮಫೋನ್ ತಟ್ಟೆಗಳನ್ನು ಮೊದಲು ಕೇಳಿದಾಗ ಅವನಿಗೆ ಏನೂ ಅರ್ಥವಾಗಿರಲಿಲ್ಲವಂತೆ. ಇಷ್ಟು ಜನ ಇಷ್ಟಪಡುವ ಸಂಗೀತ ತನಗೆ ಅರ್ಥವಾಗದಿದ್ದರೆ ಕೊರತೆ ತನ್ನದೇ ಎಂದುಕೊಂಡು ಕಲಿಯಲು ಕುಳಿತ. ಕಲಿತದ್ದು ಎಷ್ಟೆಂದರೆ ಮುಂದೆ ಉತ್ತರದ ರಾಗಗಳ ಮೇಲೊಂದು, ದಕ್ಷಿಣದ ರಾಗಗಳ ಮೇಲೊಂದು ದೊಡ್ಡ ಗ್ರಂಥ ಬರೆದ. ಶಿವರಂಜಿನಿಯ ಛಾಯೆಯುಳ್ಳ ಆಕಾಶವಾಣಿಯ ರಾಗ ಅವನು ನಮಗೆ ಬಿಟ್ಟುಹೋದದ್ದು. 1946ರಲ್ಲಿ ಭಾರತ ಬಿಟ್ಟ, ಮುಂದೆ ಕೆನಡಕ್ಕೆ ಹೋದ, ಅಲ್ಲಿಂದ ಅಮೆರಿಕಕ್ಕೆ. 1984ರಲ್ಲಿ ಅಲ್ಲಿಯೇ ತೀರಿಕೊಂಡ.

ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಕೇಂದ್ರ ಸರ್ಕಾರ ಫಿಲ್ಮ್ಸ್ ಡಿವಿಷನ್ ಸ್ಥಾಪಿಸಿತು. ಅದರ ಮೊದಲ ಮುಖ್ಯ ನಿರ್ಮಾಪಕ ಭವನಾನಿ. 1956ರಿಂದ ಕೆಲವು ವರ್ಷ ಆ ಪೀಠದಲ್ಲಿದ್ದವರು ಎಜ್ರಾ ಮೀರ್. ಹೆಸರು ಕೇಳಿದರೆ ಮುಸ್ಲಿಂ ಎನಿಸುವ ಇವರು ಕಲ್ಕತ್ತೆಯ ಬಾಗ್ದಾದಿ ಯಹೂದಿ, ಹುಟ್ಟುಹೆಸರು ಎಡ್ವಿನ್ ಮೈಯರ್ಸ್. ಪಂಚವಾರ್ಷಿಕ ಯೋಜನೆ, ಅಣೆಕಟ್ಟು, ಬುಡಕಟ್ಟು ಜನರ ಕುಣಿತ, ಸಿಡುಬಿನ ಲಸಿಕೆ ಇವೆಲ್ಲದರ ಮೇಲೆ ಫಿಲ್ಮ್ಸ್ ಡಿವಿಷನ್ ತಯಾರಿಸಿದ ಕಿರುಚಿತ್ರಗಳನ್ನು ದೇಶದ ಪ್ರತಿ ಚಿತ್ರಮಂದಿರವೂ ಮುಖ್ಯ ಚಿತ್ರಕ್ಕೆ ಮೊದಲು ತೋರಿಸಲೇಬೇಕಿತ್ತು. ಟೆಂಟ್ ಸಿನಿಮಾದ ಮರಳಿನ ಮೇಲೆ ಕುಳಿತವನಿಗೂ ಇದರಿಂದ ಬಿಡುಗಡೆ ಇರಲಿಲ್ಲ. ಬೀಡಿ ಸೇದಲು ಹೊರಗೆ ಹೋಗುವವರು ಹೋಗುತ್ತಿದ್ದರು, ಉಳಿದವರು ನೋಡುತ್ತಿದ್ದರು. ಶಿವಮೊಗ್ಗ, ಭದ್ರಾವತಿಗಳ ಎರಡು ತಲೆಮಾರು ಭಾರತವೆಂಬ ದೇಶ ಹೇಗಿದೆಯೆಂದು ಕಣ್ಣಾರೆ ಕಂಡದ್ದು ಈ ಚಿತ್ರಗಳಲ್ಲಿ.

ಕಳೆದದ್ದನ್ನು ಹುಡುಕುವ ಹಬ್ಬ

1950ರ ಹೊತ್ತಿಗೆ ಭಾರತದಲ್ಲಿ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟು ಯಹೂದಿಗಳಿದ್ದರು. ಇಂದು ಉಳಿದವರು ನಾಲ್ಕೈದು ಸಾವಿರ. ಯಾರೂ ಅವರನ್ನು ಓಡಿಸಲಿಲ್ಲ. 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಅಲ್ಲಿಗೆ, ಇಂಗ್ಲೆಂಡಿಗೆ, ಕೆನಡಕ್ಕೆ, ಆಸ್ಟ್ರೇಲಿಯಕ್ಕೆ ಮನೆಮನೆಗಳೇ ಹೋದವು. ಡೇವಿಡ್ ಕೊನೆಯುಸಿರೆಳೆದದ್ದು ಟೊರಾಂಟೊದಲ್ಲಿ. ಜನ ಹೋದರು, ಚಿತ್ರಗಳೂ ಉಳಿಯಲಿಲ್ಲ. ಮೂಕಿಯ ಕಾಲದಲ್ಲಿ ಭಾರತದಲ್ಲಿ ತಯಾರಾದ ಸುಮಾರು 1,300 ಚಿತ್ರಗಳಲ್ಲಿ ನಮಗೆ ಸಿಕ್ಕಿರುವುದು ಅತ್ಯಲ್ಪ. ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ ಇಲ್ಲ. ‘ಆಲಂ ಆರಾ’ದ ಒಂದು ಪ್ರತಿಯೂ ಇಲ್ಲ. ಎಂಟು ವೇಷಗಳ ರೂಬಿಯನ್ನು ಇನ್ನು ಸ್ಥಿರಚಿತ್ರಗಳಲ್ಲಿ ಮಾತ್ರ ನೋಡಬೇಕು.

ಯಹೂದಿ ಚಿತ್ರೋತ್ಸವಗಳ ದೊಡ್ಡ ಉಪಕಾರ ಇರುವುದು ಈ ಜಾಗದಲ್ಲಿ. ನೋಡುವ ಜನ ಇದ್ದಾರೆಂದು ಗೊತ್ತಾದರೆ ಹಳೆಯ ಚಿತ್ರವನ್ನು ಉಳಿಸುವವರೂ ಹುಟ್ಟುತ್ತಾರೆ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಆವರಣದಲ್ಲಿ 1976ರಿಂದ ಇರುವ ಯಹೂದಿ ಚಲನಚಿತ್ರ ಕೇಂದ್ರ ಯಿಡ್ಡಿಷ್ ಭಾಷೆಯ ಚಿತ್ರಗಳನ್ನು ಹುಡುಕಿ ದುರಸ್ತಿ ಮಾಡಿಕೊಂಡು ಬಂದಿದೆ. ಯಿಡ್ಡಿಷ್ ಎಂದರೆ ಪೂರ್ವ ಯುರೋಪಿನ ಯಹೂದಿಗಳ ಮನೆಮಾತು. ಅದನ್ನಾಡುತ್ತಿದ್ದ ಲಕ್ಷಾಂತರ ಜನ ಹಿಟ್ಲರನ ಶಿಬಿರಗಳಲ್ಲಿ ಸತ್ತರು. ವಾರ್ಸಾದಲ್ಲಿ 1937ರಲ್ಲಿ ತಯಾರಾದ ‘ದಿಬ್ಬುಕ್’ ಆ ಭಾಷೆಯ ಶ್ರೇಷ್ಠ ಚಿತ್ರ. ಸತ್ತ ಪ್ರಿಯಕರನ ಆತ್ಮ ಮದುಮಗಳ ಮೈಮೇಲೆ ಬರುವ ಕಥೆ. ಮಲೆನಾಡಿನವರಿಗೆ ದೆವ್ವ ಬಿಡಿಸುವ ದೃಶ್ಯವನ್ನು ವಿವರಿಸಬೇಕಾಗಿಲ್ಲ. ಅದರ ನಿರ್ದೇಶಕ ಮಿಖಾಲ್ ವಾಶಿನ್‌ಸ್ಕಿ ಕೂಡ ಹೆಸರು ಬಿಟ್ಟವನೇ. ಮೋಶೆ ವಾಕ್ಸ್ ಆಗಿ ಹುಟ್ಟಿ, ಮತ ಬದಲಾಯಿಸಿ, ಯುದ್ಧದ ನಂತರ ಇಟಲಿ, ಸ್ಪೇನ್‌ಗಳಲ್ಲಿ ತಾನು ಪೋಲೆಂಡಿನ ರಾಜವಂಶದವನೆಂದು ಹೇಳಿಕೊಂಡು ತಿರುಗಿದ. ಅವನು ಮುಚ್ಚಿಟ್ಟ ಹುಟ್ಟಿನ ಕಥೆಯನ್ನೇ ವಸ್ತುವಾಗಿಸಿಕೊಂಡ ಸಾಕ್ಷ್ಯಚಿತ್ರವೊಂದು 2017ರಲ್ಲಿ ಬಂತು.

ಅಲೆಕ್ಸಾಂಡರ್ ಆಸ್ಕೋಲ್ಡೊವ್ ಎಂಬ ರಷ್ಯನ್ ನಿರ್ದೇಶಕ 1967ರಲ್ಲಿ ಮುಗಿಸಿದ ‘ಕಮಿಸಾರ್’ ಚಿತ್ರದ ಗತಿ ಇನ್ನೂ ಕಠಿಣ. ಅಂತರ್ಯುದ್ಧದ ದಿನಗಳಲ್ಲಿ ಬಸುರಿಯಾದ ಕೆಂಪುಸೇನೆಯ ಅಧಿಕಾರಿಣಿಯೊಬ್ಬಳು ಬಡ ಯಹೂದಿ ತಗಡು ಕೆಲಸಗಾರನ ಮನೆಯಲ್ಲಿ ಹೆರಿಗೆಗೆ ಉಳಿಯುತ್ತಾಳೆ. ಆ ಮನೆಯವರನ್ನು ಅಷ್ಟು ಪ್ರೀತಿಯಿಂದ ತೋರಿಸಿದ್ದೇ ಅಪರಾಧವಾಯಿತು. ಚಿತ್ರ ಇಪ್ಪತ್ತು ವರ್ಷ ಕಪಾಟಿನಲ್ಲಿ ಕೊಳೆಯಿತು. ನಿರ್ದೇಶಕನಿಗೆ ಮತ್ತೆ ಕಥಾಚಿತ್ರ ಮಾಡುವ ಅವಕಾಶ ಸಿಗಲಿಲ್ಲ. 1987ರಲ್ಲಿ ಅದು ಮಾಸ್ಕೋದಲ್ಲಿ ಹೊರಬಂತು, ಮರುವರ್ಷ ಬರ್ಲಿನ್‌ನಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಗೆದ್ದಿತು. ಸ್ಯಾನ್‌ಫ್ರಾನ್ಸಿಸ್ಕೊ ಉತ್ಸವದವರು 1990ರಲ್ಲಿ ಅದೇ ಮಾಸ್ಕೋದಲ್ಲಿ ಯಹೂದಿ ಚಿತ್ರೋತ್ಸವ ನಡೆಸಿದರು. ಮತ್ತೊಂದು ಚಿತ್ರ, ಆಸ್ಟ್ರಿಯದ ಮೂಕಿ ‘ಯಹೂದಿಗಳಿಲ್ಲದ ನಗರ’ (1924). ಯಹೂದಿಗಳನ್ನು ರೈಲು ಹತ್ತಿಸಿ ಹೊರಗಟ್ಟುವ ದೃಶ್ಯಗಳು ಅದರಲ್ಲಿವೆ. ನಿಜವಾಗಿ ಹಾಗಾದದ್ದು ಹದಿನೈದಿಪ್ಪತ್ತು ವರ್ಷಗಳ ನಂತರ. ಕಳೆದುಹೋಗಿದ್ದ ಭಾಗಗಳು 2015ರಲ್ಲಿ ಪ್ಯಾರಿಸಿನ ಹಳೆಯ ಸಾಮಾನುಗಳ ಸಂತೆಯೊಂದರಲ್ಲಿ ಸಿಕ್ಕವು. ಜನ ಕೊಟ್ಟ ಚಂದಾ ಹಣದಿಂದ ಚಿತ್ರ ದುರಸ್ತಿಯಾಗಿ 2018ರಲ್ಲಿ ಮತ್ತೆ ತೆರೆ ಕಂಡಿತು.

ನಮ್ಮ ರೂಬಿ, ಎಸ್ತರ್, ಫ್ಲಾರೆನ್ಸ್, ಡೇವಿಡ್ ಕೂಡ ಈ ಉತ್ಸವಗಳಿಗೆ ಬಂದರು, ತಡವಾಗಿ. ಡ್ಯಾನಿ ಬೆನ್ ಮೋಶೆ ಎಂಬ ಆಸ್ಟ್ರೇಲಿಯದ ನಿರ್ದೇಶಕ ಹಲವು ವರ್ಷ ಬೆನ್ನುಹತ್ತಿ ಮಾಡಿದ ‘ಶಾಲೋಮ್ ಬಾಲಿವುಡ್’ ಸಾಕ್ಷ್ಯಚಿತ್ರ 2017ರಲ್ಲಿ ಹೊರಬಂದು ಇಂಥ ಉತ್ಸವಗಳ ಸುತ್ತು ಹೊಡೆಯಿತು. ಹಿಂದಿ ಸಿನಿಮಾದ ಗಂಧವಿಲ್ಲದ ಯಹೂದಿಗಳು ಅದನ್ನು ನೋಡಿ ಇವರು ನಮ್ಮವರೇ ಎಂದು ಬೆರಗಾದರೆ, ಹಿಂದಿ ಸಿನಿಮಾ ಬಾಯಿಪಾಠವಾಗಿರುವ ಭಾರತೀಯರು ಇವರು ಅವರೇ ಎಂದು ಬೆರಗಾಗುತ್ತಾರೆ.

ಕನ್ನಡಿಯೋ ಕಿಟಕಿಯೋ

ಸಮುದಾಯವೊಂದು ತನ್ನ ಹಬ್ಬದಲ್ಲಿ ತನ್ನ ಚೆಂದವನ್ನು ಮಾತ್ರ ತೋರಿಸಬೇಕೆ? ಈ ಪ್ರಶ್ನೆಗೆ 2009ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಉತ್ಸವ ಹೊತ್ತಿ ಉರಿಯಿತು. ಗಾಜಾದಲ್ಲಿ ಪ್ಯಾಲೆಸ್ಟೀನಿಯರ ಮನೆ ಕೆಡವದಂತೆ ಅಡ್ಡ ನಿಂತು 2003ರಲ್ಲಿ ಇಸ್ರೇಲಿ ಸೇನೆಯ ಬುಲ್ಡೋಜರ್‌ಗೆ ಸಿಕ್ಕಿ ಸತ್ತ ಅಮೆರಿಕನ್ ಯುವತಿ ರೇಚೆಲ್ ಕೋರಿಯ ಬಗ್ಗೆ ‘ರೇಚೆಲ್’ ಎಂಬ ಚಿತ್ರವನ್ನು ಉತ್ಸವ ಆರಿಸಿತ್ತು, ಆಕೆಯ ತಾಯಿಯನ್ನೂ ಆಹ್ವಾನಿಸಿತ್ತು. ಚಿತ್ರ ಮಾಡಿದ ಸಿಮೋನ್ ಬಿಟ್ಟನ್ ಸ್ವತಃ ಯಹೂದಿ. ನಮ್ಮ ದುಡ್ಡಿನಲ್ಲಿ ನಮ್ಮನ್ನೇ ಬಯ್ಯಿಸುತ್ತೀರಾ ಎಂದು ಒಂದು ಪಕ್ಷ ಸಿಟ್ಟಾಯಿತು. ನಮ್ಮ ಹಬ್ಬದಲ್ಲಿ ನಮ್ಮ ತಪ್ಪನ್ನು ಮಾತಾಡದೆ ಮತ್ತೆಲ್ಲಿ ಮಾತಾಡೋಣ ಎಂದು ಇನ್ನೊಂದು ಪಕ್ಷ ಕೇಳಿತು. ಆಡಳಿತ ಮಂಡಳಿಯ ಅಧ್ಯಕ್ಷೆ ರಾಜೀನಾಮೆ ಕೊಟ್ಟರು. ಚಿತ್ರ ಪ್ರದರ್ಶನವಾಯಿತು, ಸಭಾಂಗಣದಲ್ಲಿ ಗದ್ದಲವೂ ಆಯಿತು. ಮರುವರ್ಷ ಆ ನಗರದ ಯಹೂದಿ ಒಕ್ಕೂಟ, ಇಸ್ರೇಲ್ ವಿಷಯದಲ್ಲಿ ಯಾವ ಬಗೆಯ ಕಾರ್ಯಕ್ರಮಗಳಿಗೆ ಹಣ ಕೊಡಬಹುದು, ಯಾವುದಕ್ಕೆ ಕೂಡದು ಎಂದು ನಿಯಮಾವಳಿ ಮಾಡಿತು.

ಪ್ರದರ್ಶಿಸಿದ್ದೇ ಸರಿ ಎಂಬುದು ಈ ಲೇಖಕನ ಅಭಿಪ್ರಾಯ. ಹೊಗಳಿಕೆಗೆ ಮಾತ್ರ ಜಾಗವಿರುವ ಹಬ್ಬ ಸನ್ಮಾನ ಸಮಾರಂಭವಾಗುತ್ತದೆ, ಶಾಲು ಹೊದಿಸಿ ಮನೆಗೆ ಹೋಗಬಹುದು. ಆದರೆ ಇದೇ ನ್ಯಾಯ ಇನ್ನೊಂದು ದಿಕ್ಕಿಗೂ ಸಲ್ಲಬೇಕು. 2023ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಮೇಲೆ ಹಮಾಸ್ ದಾಳಿ, ಬಳಿಕ ಗಾಜಾ ಯುದ್ಧ ನಡೆದ ಮೇಲೆ ಕೆನಡದ ಹ್ಯಾಮಿಲ್ಟನ್ ನಗರದ ಚಿತ್ರಮಂದಿರವೊಂದು ತನ್ನಲ್ಲಿ ನಡೆಯಬೇಕಿದ್ದ ಯಹೂದಿ ಚಿತ್ರೋತ್ಸವದಿಂದ 2024ರಲ್ಲಿ ಹಿಂದೆ ಸರಿಯಿತು. ಭದ್ರತೆಯ ಆತಂಕ ಎಂಬುದು ಕಾರಣ. ಒಂದು ಸರ್ಕಾರದ ಮೇಲಿನ ಸಿಟ್ಟನ್ನು ಒಂದು ಸಮುದಾಯದ ಅಜ್ಜಿಯರ ಕಥೆಗಳ ಮೇಲೆ ತೀರಿಸಿಕೊಳ್ಳುವುದರಲ್ಲಿ ಯಾವ ಪುರುಷಾರ್ಥವೂ ಇಲ್ಲ.

ಶಿವಮೊಗ್ಗ ಜಿಲ್ಲೆಗೆ ಇಂಥ ಮಾತು ಹೊಸದಾಗಬೇಕಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1970ರ ದಶಕದಲ್ಲಿಯೇ ಚಿತ್ರಸಮಾಜ ಕಟ್ಟಿತ್ತು. ಅಡಿಕೆ ತೋಟದ ನಡುವಿನ ಆ ಹಳ್ಳಿಯಲ್ಲಿ ‘ಪಥೇರ್ ಪಾಂಚಾಲಿ’, ‘ರಾಶೋಮನ್’, ‘ಬೈಸಿಕಲ್ ಥೀವ್ಸ್’ ಪ್ರದರ್ಶನಗೊಂಡವು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್ ಬಂದು ಸಿನಿಮಾ ನೋಡುವುದು ಹೇಗೆಂದು ಪಾಠ ಹೇಳಿದರು. 1980ರ ದಶಕದಲ್ಲಿ ‘ಜನಸ್ಪಂದನ’ ಯೋಜನೆಯಲ್ಲಿ ಇಂಥ ಚಿತ್ರಗಳು ಊರೂರಿಗೆ ಹೋದವು. ಕುರೋಸಾವ ಹಳ್ಳಿಗರಿಗೆ ಅರ್ಥವಾದಾನೆ ಎಂದು ಮೂಗು ಮುರಿದವರಿದ್ದರು. ಅರ್ಥವಾದ, ಏಕೆಂದರೆ ಚಿತ್ರದ ಮೊದಲು ನಾಲ್ಕು ಮಾತು ಕನ್ನಡದಲ್ಲಿ ಹೇಳುವವರಿದ್ದರು, ಮುಗಿದ ಮೇಲೆ ಕುಳಿತು ವಾದ ಮಾಡುವವರಿದ್ದರು. ಯಹೂದಿ ಉತ್ಸವಗಳ ಜೀವಾಳವೂ ಚಿತ್ರದ ನಂತರ ನಡೆಯುವ ಆ ವಾದವೇ. ಅವರು ತಮ್ಮನ್ನು ನೋಡಿಕೊಳ್ಳಲು ಶುರು ಮಾಡಿದ್ದನ್ನು ಹೆಗ್ಗೋಡಿನವರು ಪರರನ್ನು ನೋಡಲು ಶುರು ಮಾಡಿದರು.

ನಮ್ಮ ಜಿಲ್ಲೆಯಲ್ಲಿ ಯಾರಾದರೂ ಮೂರು ದಿನದ ಇಂಥದೊಂದು ಉತ್ಸವ ನಡೆಸಲು ಮನಸ್ಸು ಮಾಡಿದರೆ ಚಿತ್ರಗಳಿಗೇನೂ ಬರವಿಲ್ಲ. ಮೊದಲ ಸಂಜೆ ‘ಬೂಟ್ ಪಾಲಿಶ್’, ಎರಡನೆಯ ದಿನ ‘ದಿಬ್ಬುಕ್’ ಮತ್ತು ‘ಕಮಿಸಾರ್’, ಮೂರನೆಯ ದಿನ ಎಜ್ರಾ ಮೀರರ ಕಾಲದ ಎರಡು ಫಿಲ್ಮ್ಸ್ ಡಿವಿಷನ್ ಕಿರುಚಿತ್ರಗಳು, ‘ಶ್ರೀ 420’. ಪ್ರತಿ ಪ್ರದರ್ಶನಕ್ಕೆ ಮೊದಲು ಕಲಾವಿದರ ಹೆಸರು ಓದುವಾಗ ಎರಡೂ ಹೆಸರುಗಳನ್ನು ಓದಬೇಕು: ನಾದಿರಾ, ಫ್ಲಾರೆನ್ಸ್ ಎಜೆಕಿಯೆಲ್, ಡೇವಿಡ್, ಡೇವಿಡ್ ಅಬ್ರಹಾಂ ಚೇವುಲಕರ್.